ಸಂದೇಹಪಡುವ ತಮ್ಮನಿಗೆ ಜೊತೆಯಾಗುವುದು



ಭಾನುವಾರ ಸಂಜೆಯ ಪಾಠಗಳಲ್ಲಿ ನಾವು ಇದುವರೆಗೆ ಪ್ರಾವಿಡೆಂಟ್ ಫಂಡಿನ ಲೆಕ್ಕ, ಬ್ಯಾಂಕಿನ ಅರ್ಜಿ ತುಂಬುವ ಕ್ರಮ, ಬಸ್ಸಿನ ಬೋರ್ಡು ಓದುವಷ್ಟು ತಮಿಳು, ಇಂಥ ದಿನಬಳಕೆಯ ಸಂಗತಿಗಳನ್ನೇ ಅಭ್ಯಾಸ ಮಾಡಿದ್ದೇವೆ. ಈ ಸಲದ ಪಾಠ ಬೇರೆ ಬಗೆಯದು. ಆದರೂ ಊರು ಬಿಟ್ಟು ಬಂದು ಒಂದೇ ಕೋಣೆಯಲ್ಲಿ ನಾಲ್ಕು ಜನ ಮಲಗುವ ನಮ್ಮಂಥವರಿಗೆ ಇದೂ ದಿನಬಳಕೆಯದೇ. ಕೋಣೆಯ ಗೆಳೆಯನಿಗೆ ಜ್ವರ ಬಂದರೆ ಏನು ಮಾಡಬೇಕೆಂದು ನಮಗೆ ಗೊತ್ತು. ಅವನ ನಂಬಿಕೆಯೇ ಅಲುಗಾಡಿದರೆ ಏನು ಮಾಡಬೇಕು? ನನಗಂತೂ ಗೊತ್ತಿರಲಿಲ್ಲ.

ನಾನು ಪಂಡಿತನಲ್ಲ. ಹತ್ತನೆಯ ತರಗತಿ ಪಾಸು ಮಾಡಿ, ಹಿಟ್ಟಿನ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಮುಸ್ಲಿಮನೂ ಅಲ್ಲ. ತಪ್ಪು ಮಾಡಿ ಕಲಿತದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ, ಅಷ್ಟೆ.

೧. ನಡೆದ ಸಂಗತಿ

ನಮ್ಮ ವಾಚನಾಲಯಕ್ಕೆ ಬರುವ ಹುಡುಗರಲ್ಲಿ ಕರಾವಳಿ ಕಡೆಯ ಮುಸ್ಲಿಮ್ ತರುಣನೊಬ್ಬನಿದ್ದಾನೆ. ಅವನ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಕೆಲಸ, ಕನ್ನಡ ಶಾಲೆಯಲ್ಲಿ ಓದಿದವನು, ರಾತ್ರಿ ಹೊತ್ತು ಅಂಚೆ ಶಿಕ್ಷಣದಲ್ಲಿ ಪದವಿಗೆ ಓದುತ್ತಿದ್ದಾನೆ. ಪತ್ರಿಕೆಗಳನ್ನು ಮಡಚಿಟ್ಟು ಬಾಗಿಲು ಹಾಕುವ ಹೊತ್ತಿಗೆ ಒಂದು ದಿನ ನನ್ನ ಹತ್ತಿರ ಬಂದು ನಿಂತ.

“ಅಣ್ಣ, ಒಂದು ಮಾತು. ನಾನು ಮುಸ್ಲಿಮ್ ಮನೆಯಲ್ಲಿ ಹುಟ್ಟಿದ್ದಕ್ಕೆ ಮುಸ್ಲಿಮ. ನಿಮ್ಮ ಮನೆಯಲ್ಲಿ ಹುಟ್ಟಿದ್ದರೆ ನಿಮ್ಮ ದೇವರಿಗೇ ಕೈ ಮುಗಿಯುತ್ತಿದ್ದೆ. ಹಾಗಾದರೆ ನನ್ನ ನಂಬಿಕೆ ನಿಜವೆಂದು ನನಗೆ ಗೊತ್ತಾಗುವುದು ಹೇಗೆ? ನಮಾಜಿಗೆ ನಿಂತರೆ ಇದೇ ಯೋಚನೆ. ಈಗ ನಿಲ್ಲುವುದಕ್ಕೇ ಹೆದರಿಕೆ.”

ನನಗೆ ಮನೆಗೆ ಹೋಗುವ ಅವಸರ. “ಎಲ್ಲ ದೇವರೂ ಒಂದೇ ಬಿಡಪ್ಪ. ತಲೆ ಕೆಡಿಸಿಕೊಳ್ಳಬೇಡ” ಎಂದೆ. ಬೆನ್ನು ತಟ್ಟಿದೆ. ಒಳ್ಳೆಯ ಮಾತು ಹೇಳಿದೆನೆಂದೇ ನನ್ನ ಎಣಿಕೆ. ಆಮೇಲೆ ಮೂರು ವಾರ ಹುಡುಗ ಇತ್ತ ಸುಳಿಯಲಿಲ್ಲ.

ಆ ಮೂರು ವಾರ ಅವನು ಹೇಗಿದ್ದನೆಂದು ಅನಂತರ ತಿಳಿಯಿತು. ಅಂಗಡಿಯ ಜೊತೆಗಾರನೊಬ್ಬ, “ಇದೆಲ್ಲ ಮೂಢನಂಬಿಕೆ, ಇವತ್ತೇ ಬಿಟ್ಟುಬಿಡು” ಎಂದು ಹಿಡಿದೆಳೆಯುತ್ತಿದ್ದ. ಕೋಣೆಯ ಗೆಳೆಯನೊಬ್ಬ, “ಇನ್ನೊಂದು ಸಲ ಇಂಥ ಮಾತೆತ್ತಿದರೆ ನಿನ್ನ ತಂದೆಗೆ ಫೋನು ಮಾಡುತ್ತೇನೆ” ಎಂದು ಗದರಿಸಿದ್ದ. ಹುಡುಗ ತಾಯಿಯ ಫೋನು ಎತ್ತುವುದನ್ನೇ ನಿಲ್ಲಿಸಿದ್ದ. ರಂಜಾನ್ ಹತ್ತಿರ ಬಂದಿತ್ತು. ಹಬ್ಬಕ್ಕೆ ಊರಿಗೆ ಹೋಗುವುದಿಲ್ಲವೆಂದು ತೀರ್ಮಾನಿಸಿದ್ದ. ಯಾಕಂದರೆ ತಾಯಿಯ ಎದುರು ನಂಬಿದವನಂತೆ ನಟಿಸಲೂ ಆಗದು, ನಂಬಿಕೆ ಹೋಯಿತೆಂದು ಹೇಳಲೂ ಆಗದು.

ಎಳೆದವನು, ಗದರಿಸಿದವನು, ಬೆನ್ನು ತಟ್ಟಿದ ನಾನು, ಮೂವರೂ ಒಂದೇ ತಪ್ಪು ಮಾಡಿದ್ದೆವು. ಹುಡುಗನ ಪ್ರಶ್ನೆಯನ್ನು ಬೇಗ ಮುಗಿಸಬೇಕೆಂಬುದೇ ಮೂವರ ಆತುರ.

೨. ಈ ಪ್ರಶ್ನೆ ಹೊಸದಲ್ಲ

ನಮ್ಮ ಗಿರಣಿಯ ದಾಸ್ತಾನು ನೋಡಿಕೊಳ್ಳುವ ಹಿರಿಯರೊಬ್ಬರು ಟ್ರಿಪ್ಲಿಕೇನಿನವರು. ಎಲ್ಲರೂ ಅವರನ್ನು ಭಾಯಿ ಎನ್ನುತ್ತೇವೆ. ಹುಡುಗನ ಹೆಸರು ಹೇಳದೆ ಅವರ ಹತ್ತಿರ ವಿಷಯವಿಟ್ಟೆ. ಅವರು ಸಿಟ್ಟಾಗಬಹುದೆಂದು ಅಂಜಿದ್ದೆ. ಅವರು ಸಿಟ್ಟಾಗಲಿಲ್ಲ. “ಇದು ದೊಡ್ಡವರಿಗೂ ಬಂದ ಕಷ್ಟ” ಎಂದು ಎರಡು ಸಂಗತಿ ಹೇಳಿದರು.

ಕುರಾನಿನ ಎರಡನೆಯ ಅಧ್ಯಾಯದ ೨೬೦ನೆಯ ವಚನದಲ್ಲಿ ಪ್ರವಾದಿ ಇಬ್ರಾಹಿಮರು, ಸತ್ತವರನ್ನು ಹೇಗೆ ಬದುಕಿಸುವೆ, ತೋರಿಸು ಎಂದು ದೇವರನ್ನೇ ಕೇಳುತ್ತಾರೆ. ನಿನಗೆ ನಂಬಿಕೆಯಿಲ್ಲವೇ ಎಂಬ ಪ್ರಶ್ನೆಗೆ, ಇದೆ, ಆದರೆ ಮನಸ್ಸಿಗೆ ನೆಮ್ಮದಿ ಬೇಕು ಎಂಬ ಅರ್ಥದ ಉತ್ತರ ಕೊಡುತ್ತಾರೆ. ದೇವರು ಮುನಿಯುವುದಿಲ್ಲ, ತೋರಿಸುತ್ತಾನೆ. ಎರಡನೆಯದು ಸಹೀಹ್ ಮುಸ್ಲಿಮ್ ಎಂಬ ಹದೀಸ್ ಸಂಗ್ರಹದ್ದು. ಬಾಯಿ ಬಿಟ್ಟು ಹೇಳಲೂ ಅಂಜುವಂಥ ಯೋಚನೆಗಳು ಬರುತ್ತವೆಂದು ಅನುಯಾಯಿಗಳು ಪ್ರವಾದಿ ಮುಹಮ್ಮದರ ಬಳಿ ತೋಡಿಕೊಂಡಾಗ, ಅವರು ಬೈಯಲಿಲ್ಲ. ಆ ಅಂಜಿಕೆಯೇ ನಂಬಿಕೆಯ ಗುರುತು ಎಂಬಂತೆ ಸಮಾಧಾನ ಹೇಳಿದರು.

ಭಾಯಿಯವರು ಇನ್ನೊಂದು ಹೆಸರನ್ನೂ ಸೂಚಿಸಿದರು: ಇಮಾಮ್ ಗಜಾಲಿ. ಆಮೇಲೆ ನಾನೇ ಹುಡುಕಿ ಓದಿದೆ. ಗಜಾಲಿ ೧೦೫೮ರಲ್ಲಿ ಇರಾನಿನ ತೂಸ್ ಎಂಬಲ್ಲಿ ಹುಟ್ಟಿದರು. ೧೦೯೧ರಲ್ಲಿ ಬಾಗ್ದಾದಿನ ನಿಜಾಮಿಯಾ ವಿದ್ಯಾಲಯದ ಮುಖ್ಯ ಗುರುಗಳಾದರು. ಐವತ್ತು ದಾಟಿದ ಮೇಲೆ ತಮ್ಮ ಮನಸ್ಸಿನ ಕಥೆಯನ್ನು ಒಂದು ಪುಸ್ತಕವಾಗಿ ಬರೆದರು. ಅದರಲ್ಲಿ ಅವರು ಹೇಳುವ ಮೊದಲ ಗೊಂದಲವೇನು ಗೊತ್ತೇ? ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿ, ಯಹೂದ್ಯರ ಮಕ್ಕಳು ಯಹೂದ್ಯರಾಗಿ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿ ಬೆಳೆಯುತ್ತಾರಲ್ಲ, ಹಾಗಾದರೆ ಹುಟ್ಟಿನಿಂದ ಬಂದದ್ದು ಯಾವುದು, ನಿಜ ಯಾವುದು? ನಮ್ಮ ವಾಚನಾಲಯದ ಬಾಗಿಲಲ್ಲಿ ಹುಡುಗ ಕೇಳಿದ್ದೂ ಅದೇ, ಸುಮಾರು ಒಂಬತ್ತು ನೂರು ವರ್ಷಗಳ ಮೇಲೆ.

ಗಜಾಲಿಯವರ ಸಂದೇಹ ಅಲ್ಲಿಗೇ ನಿಲ್ಲಲಿಲ್ಲ. ಕಣ್ಣಿಗೆ ನಾಣ್ಯದಷ್ಟು ಕಾಣುವ ನಕ್ಷತ್ರ ಭೂಮಿಗಿಂತ ದೊಡ್ಡದೆಂದು ಗಣಿತ ತೋರಿಸುತ್ತದೆ. ಹಾಗಾದರೆ ಕಣ್ಣನ್ನು ನಂಬುವುದು ಹೇಗೆ? ಕಣ್ಣು ಮೋಸ ಮಾಡಿದಂತೆ ಬುದ್ಧಿಯೂ ಮೋಸ ಮಾಡದೆಂದು ಏನು ಭರವಸೆ? ಸುಮಾರು ಎರಡು ತಿಂಗಳು ಅವರಿಗೆ ಯಾವುದರ ಮೇಲೂ ನಂಬಿಕೆ ಉಳಿಯಲಿಲ್ಲ. ಅದರಿಂದ ಬಿಡುಗಡೆಯಾದದ್ದು ವಾದದಿಂದಲ್ಲ, ದೇವರು ಎದೆಯೊಳಗೆ ಹಾಕಿದ ಬೆಳಕಿನಿಂದ ಎಂದು ಅವರೇ ಬರೆಯುತ್ತಾರೆ. ೧೦೯೫ರಲ್ಲಿ ಇನ್ನೊಂದು ಸಂಕಟ ಬಂತು. ಪಾಠ ಹೇಳಲು ಕುಳಿತರೆ ನಾಲಿಗೆ ಏಳದು, ಅನ್ನ ಇಳಿಯದು. ವೈದ್ಯರೂ ಕೈಚೆಲ್ಲಿದರು. ಕೊನೆಗೆ ಹುದ್ದೆಯನ್ನೇ ಬಿಟ್ಟು ಡಮಾಸ್ಕಸ್, ಜೆರುಸಲೇಮ್, ಮೆಕ್ಕಾ ಎಂದು ತಿರುಗಿದರು. ಮತ್ತೆ ವಿದ್ಯಾಲಯದಲ್ಲಿ ಪಾಠ ಹೇಳಲು ಕುಳಿತದ್ದು ೧೧೦೬ರಲ್ಲಿ. ೧೧೧೧ರಲ್ಲಿ ತೀರಿಕೊಂಡರು. ಇಷ್ಟು ದೊಡ್ಡ ಪಂಡಿತರಿಗೇ ಹನ್ನೊಂದು ವರ್ಷ ಬೇಕಾಯಿತು. ನಮ್ಮ ಹುಡುಗನಿಗೆ ನಾನು ಕೊಟ್ಟದ್ದು ಅರ್ಧ ನಿಮಿಷ.

ನಮ್ಮ ದೇಶದ ಉದಾಹರಣೆಯೂ ಉಂಟು. ಮೌಲಾನಾ ಅಬುಲ್ ಕಲಾಮ್ ಆಜಾದರು ೧೮೮೮ರಲ್ಲಿ ಮೆಕ್ಕಾದಲ್ಲಿ ಹುಟ್ಟಿ ಕಲ್ಕತ್ತೆಯಲ್ಲಿ ಬೆಳೆದರು. ತಂದೆ ಅನೇಕ ಶಿಷ್ಯರಿದ್ದ ಪೀರರು. ಅಂಥ ಮನೆಯ ಹುಡುಗನಿಗೆ ತಾರುಣ್ಯದಲ್ಲೇ ಮನೆತನದ ನಂಬಿಕೆಗಳ ಮೇಲೆ ಸಂದೇಹ ಹುಟ್ಟಿತು. ಹಳೆಯ ಕಟ್ಟುಗಳೆಲ್ಲ ಕಳಚಿದವೆಂದೂ, ಪಿತ್ರಾರ್ಜಿತ ನಂಬಿಕೆಗೆ ತಾನು ಬದ್ಧನಲ್ಲವೆಂದು ತೋರಿಸಲು ‘ಆಜಾದ್’, ಅಂದರೆ ಸ್ವತಂತ್ರ, ಎಂಬ ಕಾವ್ಯನಾಮ ಇಟ್ಟುಕೊಂಡೆನೆಂದೂ ಆತ್ಮಕಥೆಯಲ್ಲಿ ಹೇಳಿದ್ದಾರೆ. ಅವರು ೧೯೫೮ರಲ್ಲಿ ತೀರಿಕೊಂಡ ಮೇಲೆ, ೧೯೫೯ರಲ್ಲಿ ಆ ಪುಸ್ತಕ ಅಚ್ಚಾಯಿತು. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಆ ಹೆಸರಿನಲ್ಲೇ ಒಂದು ಸಂದೇಹದ ಕಥೆ ಅಡಗಿದೆ! ಅದೇ ಆಜಾದರು ಮುಂದೆ ಕುರಾನಿಗೆ ಉರ್ದುವಿನಲ್ಲಿ ಅನುವಾದವನ್ನೂ ವ್ಯಾಖ್ಯಾನವನ್ನೂ ಬರೆದರು; ಸ್ವತಂತ್ರ ಭಾರತದ ಮೊದಲ ಶಿಕ್ಷಣ ಮಂತ್ರಿಯಾದರು.

ಹಾಗೆಂದು ಸಂದೇಹಪಟ್ಟವರೆಲ್ಲ ಮರಳಿ ಬರುತ್ತಾರೆಂದು ಈ ಪಾಠ ಹೇಳುವುದಿಲ್ಲ. ೧೦೫೭ರಲ್ಲಿ ತೀರಿಕೊಂಡ ಸಿರಿಯಾದ ಕುರುಡು ಕವಿ ಅಬುಲ್ ಅಲಾ ಅಲ್ ಮಅರ್ರಿ ಕೊನೆಯವರೆಗೂ ಸಂದೇಹದ ಕವಿಯೆಂದೇ ಹೆಸರಾಗಿದ್ದವರು. ಶಿಷ್ಯರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಯಾರು ಯಾವ ದಡ ಸೇರುತ್ತಾರೆಂಬುದು ನಮ್ಮ ಕೈಯಲ್ಲಿಲ್ಲ. ನಡುನೀರಿನಲ್ಲಿರುವವನ ಜೊತೆ ಇರುವುದು ಮಾತ್ರ ನಮ್ಮ ಕೈಯಲ್ಲಿದೆ.

೩. ಸಸ್ಪೆನ್ಸ್ ಖಾತೆಯ ನ್ಯಾಯ

ಲೆಕ್ಕ ಬರೆಯುವವರಿಗೆ ಇದು ತಿಳಿದ ವಿಷಯ. ಒಂದು ಮೊಬಲಗು ಬಂದಿದೆ, ಯಾವ ಖಾತೆಗೆ ಸೇರಿದ್ದೆಂದು ಗೊತ್ತಿಲ್ಲ. ಆಗ ಏನು ಮಾಡುತ್ತೇವೆ? ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ದಿನದ ಲೆಕ್ಕ ಮುಗಿಸುವ ಆಸೆಯಿಂದ ಯಾವುದೋ ತಪ್ಪು ಖಾತೆಗೆ ತುರುಕುವುದಿಲ್ಲ. ಚೀಟಿ ಹರಿದು ಬಿಸಾಡುವುದೂ ಇಲ್ಲ. ಬಾಕಿ ಇದೆ ಎಂದು ಕಾಣುವಂತೆ ಬರೆದಿಟ್ಟು ಉಳಿದ ಕೆಲಸ ನಡೆಸುತ್ತೇವೆ. ಕಾಗದಪತ್ರ ಸಿಕ್ಕಿದ ದಿನ ಅದು ತನ್ನ ಜಾಗಕ್ಕೆ ಹೋಗುತ್ತದೆ.

ಹುಡುಗ ಮರಳಿ ಬಂದ ದಿನ ಮೊದಲು ಅವನಲ್ಲಿ ಕ್ಷಮೆ ಕೇಳಿದೆ. ಇಬ್ಬರೂ ಥೌಸಂಡ್ ಲೈಟ್ಸ್ ಮಸೀದಿಯ ಕಡೆಗೆ ನಡೆದು ಹೋಗಿ ಬಂದೆವು. ದಾರಿಯಲ್ಲಿ ಈ ಖಾತೆಯ ಮಾತು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಇವತ್ತೇ ಉತ್ತರ ಹೇಳಬೇಕಾಗಿಲ್ಲವೇ ಅಣ್ಣ?” ಎಂದ. ಇಲ್ಲ ಎಂದೆ. ಅಂದು ಅವನ ಮುಖ ಹಗುರವಾದದ್ದನ್ನು ನಾನು ಕಂಡೆ.

೪. ನೆನಪಿಡಬೇಕಾದ ಅಂಶಗಳು

(೧) ಪೂರ್ತಿ ಕೇಳಿರಿ. ಉತ್ತರ ಕೇಳದಿದ್ದರೆ ಕೊಡಬೇಡಿರಿ. ಅವನ ಧರ್ಮವನ್ನು ಹಳಿಯಬೇಡಿರಿ. ನಮ್ಮ ಧರ್ಮಕ್ಕೆ ಕರೆಯಬೇಡಿರಿ. ನಮ್ಮವರೊಬ್ಬರು ಪ್ರೀತಿಯಿಂದಲೇ, “ಶಿಶುನಾಳ ಶರೀಫರನ್ನು ಓದಲಿ, ಸರಿಹೋಗುತ್ತಾನೆ” ಎಂದರು. ಶರೀಫರು ನಮ್ಮ ನಾಡಿನ ಹೆಮ್ಮೆ. ಆದರೆ ಹುಡುಗ ತಾನಾಗಿ ಓದಿದರೆ ಸರಿ. ನಮಗೆ ಇಷ್ಟವಾಗುವ ಮುಸ್ಲಿಮನನ್ನಾಗಿ ಅವನನ್ನು ತಿದ್ದುವುದು ನಮ್ಮ ಕೆಲಸವಲ್ಲ.

(೨) ಗುಟ್ಟು ಕಾಪಾಡಿರಿ. ಇದು ಬರೀ ಮರ್ಯಾದೆಯ ಮಾತಲ್ಲ, ಪ್ರಾಣದ ಮಾತು. ೨೦೧೭ರ ಮಾರ್ಚಿಯಲ್ಲಿ ಕೊಯಮತ್ತೂರಿನಲ್ಲಿ, ನಾಸ್ತಿಕ ವಿಚಾರಗಳನ್ನು ಬಹಿರಂಗವಾಗಿ ಬರೆಯುತ್ತಿದ್ದ ಫಾರೂಕ್ ಎಂಬವರ ಕೊಲೆಯಾಯಿತು. ಇದು ಒಂದು ಧರ್ಮದವರ ದೋಷವೆಂದು ಬೆರಳು ತೋರಿಸುವ ಮೊದಲು, ೨೦೧೫ರ ಆಗಸ್ಟ್ ೩೦ರಂದು ಧಾರವಾಡದ ತಮ್ಮ ಮನೆಯಲ್ಲೇ ಗುಂಡಿಗೆ ಬಲಿಯಾದ ಡಾ. ಎಂ. ಎಂ. ಕಲಬುರ್ಗಿಯವರನ್ನು ನೆನೆಯಿರಿ. ನಮ್ಮ ಸಂವಿಧಾನದ ೨೫ನೆಯ ವಿಧಿ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ಆದರೂ ಚಹದ ಅಂಗಡಿಯಲ್ಲಿ ಆಡಿದ ಒಂದು ಮಾತು, ಮೊಬೈಲಿನಲ್ಲಿ ಕಳಿಸಿದ ಒಂದು ಸಾಲು, ಹುಡುಗನಿಗಿಂತ ಮೊದಲು ಅವನ ಊರು ಮುಟ್ಟುತ್ತದೆ. ಯಾರಿಗೆ, ಯಾವಾಗ ಹೇಳಬೇಕೆಂಬುದು ಅವನ ಹಕ್ಕು.

(೩) ಸಂದೇಹದ ಬಗೆಯನ್ನು ತಿಳಿಯಿರಿ. ಕೆಲವು ಸಂದೇಹಗಳು ಬುದ್ಧಿಯವು. ಅವಕ್ಕೆ ಓದು, ಚರ್ಚೆ ಬೇಕು. ಕುರಾನಿನ ಅನುವಾದ ಕನ್ನಡದಲ್ಲೂ ಸಿಗುತ್ತದೆ. ಕೆಲವು ದುಃಖದಿಂದ ಬಂದವು. ಸಾವು, ಅವಮಾನ, ಒಂಟಿತನ ಇವುಗಳ ಬೆನ್ನಿಗೆ ಬರುವ ಸಂದೇಹಕ್ಕೆ ವಾದ ಮದ್ದಲ್ಲ, ಸಂಗಾತ ಮದ್ದು. ಇನ್ನು ಕೆಲವು ಕಾಯಿಲೆಯ ಲಕ್ಷಣ. ನಮಾಜಿಗೆ ಮುನ್ನ ಕೈಕಾಲು ತೊಳೆದದ್ದು ಸರಿಯಾಯಿತೋ ಇಲ್ಲವೋ ಎಂದು ಹತ್ತಾರು ಸಲ ತೊಳೆಯುವುದು, ಬೇಡವೆಂದರೂ ಅದೇ ಕೆಟ್ಟ ಯೋಚನೆ ದಿನವೆಲ್ಲ ತಿರುಗುವುದು, ಇದನ್ನು ವಸ್‌ವಾಸ್ ಎನ್ನುತ್ತಾರೆ. ಅತಿಯಾದರೆ ಅದಕ್ಕೆ ಚಿಕಿತ್ಸೆ ಇದೆ. ನಿದ್ದೆ, ಊಟ ಬಿಟ್ಟವನನ್ನು, ಬದುಕು ಸಾಕೆನ್ನುವವನನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಕೀಲ್ಪಾಕಿನಲ್ಲಿ ಸರಕಾರದ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ ೧೪೪೧೬ ಸಂಖ್ಯೆಗೆ ಫೋನು ಮಾಡಿದರೆ ಖರ್ಚಿಲ್ಲದೆ ಕನ್ನಡದಲ್ಲೂ ಮಾತಾಡಬಹುದು.

(೪) ಅವನು ಬಯಸಿದರೆ ಮಾತ್ರ, ಅವನದೇ ಸಮುದಾಯದ ತಿಳಿದ, ತಾಳ್ಮೆಯ ಹಿರಿಯರ ಬಳಿ ಹೋಗಲು ನೆರವಾಗಿರಿ. ಗದರಿಸುವವರು ಬೇಡ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನುವವರು ಬೇಕು. ಹುಡುಗ ಎರಡು ತಿಂಗಳ ಮೇಲೆ ತಾನಾಗಿ ಕೇಳಿದಾಗಲೇ ಅವನನ್ನು ಭಾಯಿಯವರಿಗೆ ಪರಿಚಯ ಮಾಡಿಸಿದೆ.

(೫) ಉಳಿದ ಖಾತೆಗಳು ನಡೆಯುತ್ತಿರಲಿ. ಕೆಲಸ, ಓದು, ಹೊತ್ತಿಗೆ ಊಟ, ಮನೆಗೆ ಫೋನು ಇವು ನಿಲ್ಲದಂತೆ ನೋಡಿರಿ. ತಾಯಿಯ ಜೊತೆ ಮಾತಾಡಲು ದೇವರ ವಿಷಯ ತೀರ್ಮಾನವಾಗಲೇಬೇಕೆಂದಿಲ್ಲ.

೫. ಮುಕ್ತಾಯ

ಹುಡುಗ ಹಬ್ಬಕ್ಕೆ ಊರಿಗೆ ಹೋದ. ನಮಾಜಿಗೆ ನಿಂತನೋ ಇಲ್ಲವೋ ನಾನು ಕೇಳಲಿಲ್ಲ. ಸಂದೇಹ ತೀರಿತೇ ಎಂದೂ ಕೇಳಲಿಲ್ಲ. ಮರಳಿ ಬಂದವನು ತಾಯಿ ಕಟ್ಟಿಕೊಟ್ಟ ತಿಂಡಿಯ ಡಬ್ಬಿಯನ್ನು ಪತ್ರಿಕೆಗಳ ಮೇಜಿನ ಮೇಲಿಟ್ಟು, “ಅಮ್ಮ ನಿಮಗೂ ಕಳಿಸಿದ್ದಾರೆ ಅಣ್ಣ” ಎಂದ. ಅವನ ಖಾತೆ ಇನ್ನೂ ಬಾಕಿ ಇದೆ. ಹುಡುಗ ಪ್ರತಿ ಭಾನುವಾರ ವಾಚನಾಲಯಕ್ಕೆ ಬರುತ್ತಿದ್ದಾನೆ.

ಅಭ್ಯಾಸಕ್ಕೆ ಪ್ರಶ್ನೆಗಳು

೧. ಎಳೆದವನು, ಗದರಿಸಿದವನು, ಬೆನ್ನು ತಟ್ಟಿದವನು, ಈ ಮೂವರಲ್ಲಿ ನಿಮ್ಮ ಸ್ವಭಾವಕ್ಕೆ ಯಾರು ಹತ್ತಿರ?
೨. ಗಜಾಲಿ, ಆಜಾದ್ ಇವರ ಬದುಕಿನಲ್ಲಿ ಕಾಲದ ಪಾತ್ರವೇನು?
೩. ಬುದ್ಧಿಯ ಸಂದೇಹಕ್ಕೂ ಕಾಯಿಲೆಯ ಸಂದೇಹಕ್ಕೂ ಇರುವ ಭೇದವನ್ನು ಹೇಗೆ ಗುರುತಿಸುವಿರಿ?
೪. ನಿಮ್ಮ ಮನಸ್ಸಿನಲ್ಲಿ ಸಸ್ಪೆನ್ಸ್ ಖಾತೆಯಲ್ಲಿರುವ ಪ್ರಶ್ನೆ ಯಾವುದು?

ಉತ್ತರ ಬರೆದು ತರಬೇಕಾಗಿಲ್ಲ. ನಾಲ್ಕನೆಯದನ್ನು ಯಾರಿಗೂ ಹೇಳಬೇಕಾಗಿಯೂ ಇಲ್ಲ. ಉಳಿದ ಮೂರನ್ನು ಮುಂದಿನ ಭಾನುವಾರ ಕೂತು ಮಾತಾಡೋಣ.