ಓದಲು ಕಷ್ಟಪಡುವ ಮಗು ದಡ್ಡ ಮಗುವಲ್ಲ



“ಮಾತಿನಲ್ಲಿ ನಮ್ಮ ಹುಡುಗ ಚುರುಕು, ಅಂಗಡಿ ಲೆಕ್ಕ ಬಾಯಲ್ಲೇ ಹೇಳ್ತಾನೆ. ಪುಸ್ತಕ ಹಿಡಿದ್ರೆ ಮಾತ್ರ ತಡವರಿಸ್ತಾನೆ” ಎಂದು ಎಷ್ಟೋ ತಾಯಂದಿರು ಹೇಳುತ್ತಾರೆ. ಇಂಥ ಮಕ್ಕಳನ್ನು ಸೋಮಾರಿ ಎಂದು ಬೈಯುತ್ತೇವೆ, ಹೊಡೆಯುತ್ತೇವೆ. ಕೊನೆಗೆ ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚುವುದೂ ಉಂಟು. ಆದರೆ ಇದು ಕಲಿಕಾ ನ್ಯೂನತೆ ಇರಬಹುದು. ಬುದ್ಧಿ ಕಡಿಮೆ ಎಂದು ಇದರ ಅರ್ಥವಲ್ಲ. ಅಕ್ಷರವನ್ನೂ ಅದರ ಧ್ವನಿಯನ್ನೂ ಜೋಡಿಸುವುದು ಆ ಮಗುವಿಗೆ ಕಷ್ಟ, ಅಷ್ಟೇ. 2007ರ ‘ತಾರೇ ಜಮೀನ್ ಪರ್’ ಸಿನಿಮಾದ ಹುಡುಗನ ಕಷ್ಟವೂ ಇದೇ.

ಗುರುತಿಸುವುದು ಹೇಗೆ?

* ಪ, ವ, ಮ ಹೀಗೆ ನೋಡಲು ಒಂದೇ ತರಹದ ಅಕ್ಷರಗಳು ಅದಲುಬದಲಾಗುತ್ತವೆ.
* ಗುಣಿತ, ಒತ್ತಕ್ಷರ ಬಿಟ್ಟುಹೋಗುತ್ತವೆ.
* ಉತ್ತರ ಬಾಯಲ್ಲಿ ಬರುತ್ತದೆ, ಬರೆಯಲು ಬರುವುದಿಲ್ಲ.

ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ಟೀಚರ್ ಹತ್ತಿರ ಮಾತಾಡಿ.

ಮನೆಯಲ್ಲೇ ಬಳಸಬಹುದಾದ ಸಾಧನಗಳು

1. ಓದುವ ಕಿಟಕಿ: ಹಳೆಯ ಲಗ್ನಪತ್ರಿಕೆಯ ದಪ್ಪ ಹಾಳೆಯಲ್ಲಿ ಒಂದು ಸಾಲು ಮಾತ್ರ ಕಾಣುವಷ್ಟು ಕತ್ತರಿಸಿ. ಪುಸ್ತಕದ ಮೇಲಿಟ್ಟು ಸಾಲು ಸಾಲಾಗಿ ಸರಿಸುತ್ತಾ ಓದಲಿ.

2. ಕೇಳಿ ಓದುವುದು: ಓದು ಬಲ್ಲವರು ಪಾಠ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಲಿ. ಮಗು ಕೇಳುತ್ತಾ ಪುಸ್ತಕದಲ್ಲಿ ಬೆರಳಿಟ್ಟು ಹಿಂಬಾಲಿಸಲಿ. ಓದು ಬಾರದ ತಾಯಿಯೂ ಹೀಗೆ ಪಾಠ ಮಾಡಿಸಬಹುದು. ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ನಲ್ಲಿ ಕನ್ನಡ ಕತೆಗಳು ಉಚಿತವಾಗಿ ಸಿಗುತ್ತವೆ.

3. ಹೇಳಿ ಬರೆಯುವುದು: ಗೂಗಲ್ ಕೀಬೋರ್ಡಿನಲ್ಲಿ 2017ರಿಂದ ಕನ್ನಡವನ್ನು ಮಾತಾಡಿ ಟೈಪ್ ಮಾಡಬಹುದು. ಮೈಕ್ ಗುರುತು ಒತ್ತಿ ಮಗು ಉತ್ತರ ಹೇಳಲಿ, ನಂತರ ಅದನ್ನು ನೋಡಿ ಬರೆಯಲಿ. ಮೊಬೈಲ್ ಕೂಡ ತಪ್ಪು ಮಾಡುತ್ತದೆ, ದೊಡ್ಡವರು ಒಮ್ಮೆ ನೋಡಿ.

4. ಮಣಿಸರ: ನೂರು ಮಣಿ ಪೋಣಿಸಿ, ಹತ್ತು ಹತ್ತಕ್ಕೆ ಬಣ್ಣ ಬದಲಿಸಿ. ಕೂಡುವ, ಕಳೆಯುವ ಲೆಕ್ಕ ಕೈಗೆ ಸಿಗುತ್ತದೆ.

ಸಾಧನ ಔಷಧಿಯಲ್ಲ, ಕನ್ನಡಕದ ಹಾಗೆ ಒಂದು ಸಹಾಯ. ದಿನಾ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ಮಾಡಿಸಿ. ಮೊಬೈಲ್ ಕೊಟ್ಟು ಎದ್ದು ಹೋದರೆ ಮಗು ಆಟ ಆಡುತ್ತದೆ! ಇದಕ್ಕಾಗಿ ಸಂಘದಲ್ಲಿ ಸಾಲ ಮಾಡಿ ಹೊಸ ಮೊಬೈಲ್ ಕೊಳ್ಳಬೇಕಿಲ್ಲ, ಮನೆಯಲ್ಲಿರುವುದೇ ಸಾಕು.

ಕಾನೂನು ಏನು ಹೇಳುತ್ತದೆ?

1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆ ಸೇರಿರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಇದೂ ಸೇರಿದೆ. ನ್ಯೂನತೆ ಶೇ. 40ಕ್ಕೆ ಕಡಿಮೆಯಿಲ್ಲವೆಂದು ಪ್ರಮಾಣಪತ್ರ ಪಡೆದ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಸಾಧನಗಳನ್ನು ಉಚಿತವಾಗಿ ಕೊಡಬೇಕು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇಂಥ ಅನುಕೂಲಗಳನ್ನೂ ಕಾಯ್ದೆ ಹೇಳುತ್ತದೆ. ಎಸ್.ಎಸ್.ಎಲ್.ಸಿ. ಹತ್ತಿರ ಬಂದಾಗ ಓಡಾಡಬೇಡಿ. ಈಗಲೇ ಜಿಲ್ಲಾ ಆಸ್ಪತ್ರೆಯಲ್ಲಿ ಮತ್ತು ಕ್ಷೇತ್ರ ಸಂಪನ್ಮೂಲ ಕೇಂದ್ರದ (ಬಿ.ಆರ್.ಸಿ.) ವಿಶೇಷ ಶಿಕ್ಷಕರಲ್ಲಿ ವಿಚಾರಿಸಿ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸದಸ್ಯೆಯರ ಮನೆಯಲ್ಲಿ ಇಂಥ ಮಕ್ಕಳು ಇದ್ದಾರೆಯೇ? ಶಾಲೆ ಬಿಟ್ಟವರು ಯಾರು?
2. ವಾರಕ್ಕೊಮ್ಮೆ ಪಾಠ ಓದಿ ರೆಕಾರ್ಡ್ ಮಾಡಿಕೊಡಲು ನಮ್ಮಲ್ಲಿ ಯಾರು ಮುಂದೆ ಬರುತ್ತಾರೆ?
3. ಎಸ್.ಡಿ.ಎಂ.ಸಿ. ಸಭೆಯಲ್ಲಿ ಈ ವಿಷಯ ಎತ್ತುವವರು ಯಾರು?

ದೇವರು ಕೊಟ್ಟ ಪ್ರತಿ ಮಗುವಿಗೂ ಕಲಿಯುವ ಶಕ್ತಿ ಇದೆ. ದಾರಿ ಬೇರೆ ಇರಬಹುದು, ಆ ದಾರಿಯಲ್ಲಿ ಕೈ ಹಿಡಿದು ನಡೆಸೋಣ.