ಅಕ್ಷರವನ್ನು ತಿದ್ದುವ ಅಧಿಕಾರ: ಸಿ ಭಾಷೆಯ ಸ್ಥಿರ ಅಕ್ಷರಸರಣಿಗಳು

ಕ್ಷರವಿಲ್ಲದುದು, ಎಂದರೆ ನಾಶಹೊಂದದುದು, ಅಕ್ಷರವೆಂದು ನಮ್ಮ ಶಾಬ್ದಿಕರು ನಿರ್ವಚನ ಹೇಳುವರು. ಬರೆದುದು ಬರೆದಂತೆಯೇ ನಿಲ್ಲಬೇಕೆಂಬ ಆಶಯ ಈ ಒಂದು ಪದದಲ್ಲಿಯೇ ಅಡಗಿದೆ. ಗಣಕಯಂತ್ರದ ಭಾಷೆಗಳಲ್ಲಿಯೂ ಈ ಆಶಯ ಒಂದು ನಿಯಮವಾಗಿ ನೆಲೆಸಿದೆಯೆಂಬುದು ನನಗೆ ತಿಳಿದುದು ಒಬ್ಬ ವಿದ್ಯಾರ್ಥಿಯ ಪ್ರಶ್ನೆಯಿಂದ.

ಆತನು ಸಿ ಭಾಷೆಯಲ್ಲಿ ‘ಮರ’ ಎಂಬ ಪದವನ್ನು ಬರೆದು, ಅದರ ಮೊದಲ ಅಕ್ಷರವನ್ನು ತಿದ್ದಿ ‘ಸರ’ ಎಂದು ಮಾಡಹೊರಟಿದ್ದನು. ಕಾರ್ಯಕ್ರಮವು ಓಡತೊಡಗಿದೊಡನೆ ನಿಂತುಹೋಯಿತು. “ಗುರುಗಳೇ, ಈ ಪದವನ್ನು ಬರೆದವನು ನಾನು. ಇದನ್ನು ತಿದ್ದಲು ನನಗೇಕೆ ಅಧಿಕಾರವಿಲ್ಲ?” ಎಂದು ಕೇಳಿದನು. ವ್ಯಾಕರಣವನ್ನು ಬೋಧಿಸುವ ನನ್ನಲ್ಲಿ ಆಗ ಉತ್ತರವಿರಲಿಲ್ಲ. ಗಣಿತದ ಅಧ್ಯಾಪಕಮಿತ್ರರೊಡನೆ ಹಲವು ಸಂಜೆ ಕುಳಿತು ತಿಳಿದುಕೊಂಡುದನ್ನು ವಾಚಕರಲ್ಲಿ ನಿವೇದಿಸುತ್ತಿದ್ದೇನೆ. ಯಂತ್ರಕ್ಕೆ ರೋಮನ್ ಲಿಪಿಯಲ್ಲಿ ಬರೆಯಬೇಕಾದ ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿಯೇ ಕೊಟ್ಟಿದೆ.

ಡೆನ್ನಿಸ್ ರಿಚಿಯವರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1970ರ ದಶಕದ ಆದಿಭಾಗದಲ್ಲಿ ಸಿ ಭಾಷೆಯನ್ನು ರೂಪಿಸಿದರು. ಅದರಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಬರೆದ ಪದಕ್ಕೆ ಸ್ಟ್ರಿಂಗ್, ಎಂದರೆ ಅಕ್ಷರಸರಣಿ, ಎಂದು ಹೆಸರು. ಸ್ಮೃತಿಕೋಶದಲ್ಲಿ ಅದು ಬೈಟ್ ಎಂಬ ಮನೆಗಳ ಸಾಲು. ಸಾಲು ಮುಗಿಯಿತೆಂಬುದಕ್ಕೆ ಕಡೆಯಲ್ಲಿ ಒಂದು ಶೂನ್ಯ. ಯೂನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ‘ಕನ್ನಡ’ ಎಂಬಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ಮೂರು. ಯಂತ್ರವಾದರೋ ಕ, ನ, ಹಲಂತಚಿಹ್ನೆ, ನ, ಡ ಎಂದು ಐದನ್ನು ಎಣಿಸುವುದು. ಆದುದರಿಂದ 15 ಬೈಟ್, ಶೂನ್ಯವೂ ಸೇರಿ 16. ‘ಮರ’ ಎಂಬುದಕ್ಕೆ 6, ಶೂನ್ಯದೊಡನೆ 7. ಮಕಾರಕ್ಕೂ ಸಕಾರಕ್ಕೂ ಮೊದಲ ಎರಡು ಬೈಟ್‌ಗಳು ಸಮಾನ; ಮೂರನೆಯದು ಮಾತ್ರ ಬೇರೆ. ವಿದ್ಯಾರ್ಥಿಯು ಆ ಒಂದೇ ಮನೆಯನ್ನು ತಿದ್ದಿದ್ದನು. ಎಣಿಕೆಯಲ್ಲಿ ಆತನು ತಪ್ಪಿರಲಿಲ್ಲ. ತಪ್ಪಿದುದು ಮತ್ತೊಂದು ಕಡೆ. ಆತನು ಬರೆದುದು ಹೀಗೆ:

ಚಾರ್ *ಪ = "ಮರ";

ಇಲ್ಲಿ ‘ಪ’ ಎಂಬುದು ಪದವಲ್ಲ. ಪದವಿರುವ ಸ್ಥಳವನ್ನು ತೋರಿಸುವ ಬೆರಳು. ಪದವು ಇರುವುದು ಸಾಮಾನ್ಯವಾಗಿ ಓದಲು ಮಾತ್ರ ಅವಕಾಶವುಳ್ಳ ಭಾಗದಲ್ಲಿ. ಇದನ್ನು ಓಲೆಗರಿಯ ಮೂಲಪ್ರತಿಗೆ ಹೋಲಿಸಬಹುದು. ಗ್ರಂಥಸಂಪಾದಕನು ಪಾಠವನ್ನು ತಿದ್ದುವುದು ಓಲೆಯ ಮೇಲಲ್ಲ. ತನ್ನ ಕಾಗದದ ಮೇಲೆ ನಕಲು ಮಾಡಿಕೊಂಡು, ಆ ನಕಲಿನಲ್ಲಿ. ಸಿ ಭಾಷೆಯಲ್ಲಿಯೂ ನಕಲಿಗೆ ದಾರಿಯಿದೆ:

ಚಾರ್ ಅ[] = "ಮರ";

ಹೀಗೆ ಬರೆದರೆ ‘ಅ’ ಎಂಬುದಕ್ಕೆ ಸ್ವಂತದ 7 ಮನೆಗಳು ದೊರೆತು, ಪದವು ಅಲ್ಲಿಗೆ ನಕಲಾಗುವುದು. ಅದನ್ನು ತಿದ್ದಲು ಯಾವ ಅಡ್ಡಿಯೂ ಇಲ್ಲ. ನೋಟಕ್ಕೆ ಅಲ್ಪವಾದರೂ ಈ ಎರಡು ಸಾಲುಗಳ ಅಂತರ ಮೂಲಕ್ಕೂ ನಕಲಿಗೂ ಇರುವ ಅಂತರವೇ ಆಗಿದೆ.

ಮೂಲವನ್ನು ಇಷ್ಟೊಂದು ಕಾಯುವುದೇಕೆ? ಅದು ಒಬ್ಬನ ಸೊತ್ತಲ್ಲವಾದುದರಿಂದ. ಒಂದೇ ಪದವು ಹತ್ತು ಕಡೆ ಬಂದಿದ್ದರೆ ಎಲ್ಲಕ್ಕೂ ಒಂದೇ ಪ್ರತಿಯನ್ನು ಇರಿಸಲು ಕಂಪೈಲರ್ ಎಂಬ ಅನುವಾದಕಕ್ಕೆ ಸ್ವಾತಂತ್ರ್ಯವಿದೆ. ಒಂದು ಪದದ ಬಾಲವೇ ಇನ್ನೊಂದು ಪದವಾಗಿದ್ದರೆ ಅವೆರಡನ್ನು ಒಂದೇ ಸ್ಥಳದಲ್ಲಿ ಇರಿಸುವುದೂ ಉಂಟು. ‘ಅಮರ’ ಎಂಬುದರ ಬಾಲದಲ್ಲಿ ‘ಮರ’ ಇದೆಯಷ್ಟೆ. ಕಾವಲಿಲ್ಲದ ಯಂತ್ರದಲ್ಲಿ ‘ಮರ’ವನ್ನು ‘ಸರ’ವೆಂದು ತಿದ್ದಿದರೆ, ಎಲ್ಲೋ ದೂರದಲ್ಲಿ ‘ಅಮರ’ವು ಸದ್ದಿಲ್ಲದೆ ‘ಅಸರ’ವಾಗಬಹುದು. ಕಾರ್ಯಕ್ರಮವು ನಿಂತುಹೋದುದು ವಿದ್ಯಾರ್ಥಿಯ ಭಾಗ್ಯವೆಂದೇ ಹೇಳಬೇಕು. ನಿಲ್ಲದೆ ತಪ್ಪುಪಾಠವನ್ನು ಹರಡುವುದು ಇನ್ನೂ ದೊಡ್ಡ ಕೇಡು.

ಈ ಕೇಡನ್ನು ಮೊದಲೇ ತಡೆಯಲು ‘ಕಾನ್ಸ್ಟ್’ ಎಂಬ ವಿಶೇಷಣವಿದೆ. ಸ್ಟ್ರೌಸ್ಟ್ರಪ್ ಅವರ ಸಿ++ ಭಾಷೆಯಲ್ಲಿ ಬೆಳೆದು, 1989ರ ಅಮೆರಿಕನ್ ಮಾನಕದ ಮೂಲಕ ಇದು ಸಿ ಭಾಷೆಗೆ ಬಂದಿತು. ಇದು ನಿಲ್ಲುವ ಸ್ಥಾನದಿಂದ ಅರ್ಥ ಬೇರೆಯಾಗುವುದು. ‘ಹೊಸ ಮನೆಯ ಯಜಮಾನ’ ಎಂಬುದಕ್ಕೂ ‘ಮನೆಯ ಹೊಸ ಯಜಮಾನ’ ಎಂಬುದಕ್ಕೂ ಭೇದವಿಲ್ಲವೆ? ಹಾಗೆಯೇ,

ಕಾನ್ಸ್ಟ್ ಚಾರ್ *ಪ
ಚಾರ್ *ಕಾನ್ಸ್ಟ್ ಪ

ಮೊದಲನೆಯದರಲ್ಲಿ ಬೆರಳನ್ನು ಬೇರೊಂದು ಪುಟಕ್ಕೆ ಒಯ್ಯಬಹುದು, ಆದರೆ ಪುಟವನ್ನು ಆ ಬೆರಳಿನಿಂದ ತಿದ್ದಲಾಗದು. ಎರಡನೆಯದರಲ್ಲಿ ಬೆರಳು ಕದಲಬಾರದು, ಪುಟವನ್ನು ತಿದ್ದಲು ನಿಷೇಧವಿಲ್ಲ. ಹೆಸರಿನಿಂದ ಎಡಕ್ಕೆ ಓದುತ್ತ ಹೋದರೆ ಅನ್ವಯವು ತಾನಾಗಿ ತಿಳಿಯುವುದು.

ಒಂದು ಸೂಕ್ಷ್ಮವನ್ನು ಮರೆಯಬಾರದು. ಮೊದಲ ರೂಪದ ‘ಕಾನ್ಸ್ಟ್’ ಕೋಟೆಯ ಗೋಡೆಯಲ್ಲ. ಈ ಬೆರಳಿನಿಂದ ತಿದ್ದೆನೆಂದು ಓದುವವನು ಕೊಟ್ಟ ಮಾತು. ಅದೇ ಪುಟದ ಒಡೆಯನಿಗೆ ತಿದ್ದುವ ಅಧಿಕಾರ ಉಳಿದಿರಬಹುದು. ಮಾತನ್ನು ಮೀರಲು ಹೊರಟವನನ್ನು ಅನುವಾದಕವು ಕಾರ್ಯಕ್ರಮ ಓಡುವ ಮುನ್ನವೇ ತಡೆಯುವುದು. ಸಿ++ ಭಾಷೆಯು 2011ರ ಮಾನಕದಿಂದ, ಉದ್ಧೃತ ಪದವನ್ನು ‘ಕಾನ್ಸ್ಟ್’ ಇಲ್ಲದ ಬೆರಳಿಗೆ ಒಪ್ಪಿಸುವುದನ್ನೇ ನಿಷೇಧಿಸಿದೆ. ಸಿ ಭಾಷೆಯಾದರೋ ಹಳೆಯ ಕಾರ್ಯಕ್ರಮಗಳು ಕೆಡಬಾರದೆಂದು ಇಂದಿಗೂ ಅದನ್ನು ಸಹಿಸುತ್ತದೆ. ಆದುದರಿಂದ ಅಲ್ಲಿ ಎಚ್ಚರಿಕೆ ಬರೆಯುವವನದೇ. ಅದೇ ಕುಟುಂಬದ ಜಾವಾ ಮತ್ತು ಸಿ ಶಾರ್ಪ್ ಭಾಷೆಗಳಲ್ಲಿ ಸ್ಟ್ರಿಂಗ್ ಹುಟ್ಟಿನಿಂದಲೇ ಸ್ಥಿರ; ತಿದ್ದಿದಂತೆ ತೋರುವುದೆಲ್ಲ ಹೊಸ ಪದದ ರಚನೆ.

ಆ ವಿದ್ಯಾರ್ಥಿಗೆ ನಾನು ಕೊನೆಗೆ ಕೊಟ್ಟ ಉತ್ತರವಿಷ್ಟು: “ಬರೆದವನು ನೀನೇ ಹೌದು. ಆದರೆ ಬರೆದು ಮುಗಿಸಿದ ಮೇಲೆ ಆ ಪದವನ್ನು ನಂಬಿದವರು ಹಲವರು. ತಿದ್ದಬೇಕೆನಿಸಿದರೆ ನಕಲು ಮಾಡಿಕೋ. ತಿದ್ದುವುದಿಲ್ಲವಾದರೆ ಕಾನ್ಸ್ಟ್ ಎಂದು ಮಾತು ಕೊಡು.” ಆತನು ಎರಡು ಆವರಣಚಿಹ್ನೆಗಳನ್ನು ಸೇರಿಸಿದನು, ‘ಮರ’ವು ‘ಸರ’ವಾಯಿತು. ಈ ಪಾಠವನ್ನು ಬೋಧಿಸುವ ಮಿತ್ರರು ಮೊದಲ ದಿನದಿಂದಲೇ ಮೂಲಕ್ಕೂ ನಕಲಿಗೂ ಇರುವ ಭೇದವನ್ನು ಹೇಳಿಕೊಡಲೆಂದು ನನ್ನ ವಿಜ್ಞಾಪನೆ.