ಬಜಪೆಯ ಟಿಕೆಟ್ ನಿಜಕ್ಕೂ ದುಬಾರಿಯೇ?

"ಅಣ್ಣ, ಬೆಂಗಳೂರಿಗೆ ಬಂದ್ರೆ ಐದು ಸಾವಿರ ಕಡಿಮೆ ಉಂಟು, ಮಾಡುವುದಾ?" ರಜೆಗೆ ಊರಿಗೆ ಹೊರಟವರು ದುಬೈಯಿಂದ ನನಗೆ ಫೋನ್ ಮಾಡಿ ಕೇಳುವ ಪ್ರಶ್ನೆ ಇದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಎಷ್ಟೋ ಮನೆಗಳು ಗಲ್ಫ್ ಸಂಬಳದಲ್ಲಿ ಎದ್ದವು. ನಾನೂ ಅಲ್ಲಿ ದುಡಿದು ಬಂದವನು. ಹಾಗಾಗಿ ಈ ಲೆಕ್ಕವನ್ನು ಸುಮ್ಮನೆ ಬಿಡಲು ನನಗೆ ಮನಸ್ಸಾಗುವುದಿಲ್ಲ.

ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಯಲ್ಲಿ ಮೊದಲ ವಿಮಾನ ಇಳಿದದ್ದು 1951ರಲ್ಲಿ. ಅಲ್ಲಿಂದ ಗಲ್ಫಿಗೆ ನೇರ ವಿಮಾನ ಸಿಕ್ಕಿದ್ದು 2006ರಲ್ಲಿ. ಅದಕ್ಕೆ ಮೊದಲು ಹೆಚ್ಚಿನವರು ಮುಂಬೈಗೆ ಹೋಗಿಯೇ ಹತ್ತಬೇಕಿತ್ತು. ಆ ಕಷ್ಟ ಕಂಡವರಿಗೆ ನೇರ ವಿಮಾನದ ಬೆಲೆ ಗೊತ್ತು.

ಆಕಾಶದಲ್ಲಿ ಅಳೆದರೆ ಮಂಗಳೂರಿನಿಂದ ದುಬೈಗೆ ಸುಮಾರು 2,450 ಕಿ.ಮೀ., ಬೆಂಗಳೂರಿನಿಂದ 2,700 ಕಿ.ಮೀ. ಎರಡೂ ಕಡೆಯಿಂದ ಹಾರಾಟ ನಾಲ್ಕು ಗಂಟೆಯ ಆಸುಪಾಸು. ಟಿಕೆಟಿನಲ್ಲಿರುವ ಸಮಯ ಕಳೆದು ನೋಡಿದರೆ ಇದು ತಿಳಿಯುವುದಿಲ್ಲ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಹೋಗುವಾಗ ಎರಡೂವರೆ ಗಂಟೆಯಂತೆ, ಬರುವಾಗ ಐದೂವರೆಯಂತೆ ಕಾಣುವುದು ಅದಕ್ಕೇ.

ನಿಜವಾದ ವ್ಯತ್ಯಾಸ ನೆಲದ ಮೇಲಿದೆ. ಬಿ.ಸಿ. ರೋಡಿನವರೂ ಮೂಡುಬಿದಿರೆಯವರೂ ಬಜಪೆಯಿಂದ ಒಂದು ಗಂಟೆಯಲ್ಲಿ ಮನೆ ಸೇರುತ್ತಾರೆ, ಬೆಳ್ತಂಗಡಿಯವರಿಗೆ ಹೆಚ್ಚೆಂದರೆ ಎರಡು ಗಂಟೆ. ಬೆಂಗಳೂರಿನಲ್ಲಿ ಇಳಿದರೆ ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ವಾಯುವಜ್ರ ಬಸ್ಸು, ಅಲ್ಲಿ ರಾತ್ರಿ ಬಸ್ಸಿಗೆ ಕಾಯುವುದು, ಆಮೇಲೆ ಶಿರಾಡಿಯೋ ಚಾರ್ಮಾಡಿಯೋ ಘಾಟಿ ಇಳಿದು ಊರು. ಬಸ್ಸು, ಊಟಕ್ಕೆ ಎರಡು ಸಾವಿರ ಎಂದಿಟ್ಟುಕೊಳ್ಳಿ. ಉಳಿಯುವುದು ಮೂರು ಸಾವಿರ, ಹೋಗುವುದು ಒಂದು ದಿನ. ವರ್ಷ ಪೂರೈಸಿದವರಿಗೆ ಯುಎಇ ಕಾನೂನು ಕೊಡುವ ರಜೆ 30 ದಿನ. ಹೋಗಿ ಬರುವಾಗ ಅದರಲ್ಲಿ ಎರಡು ದಿನ ಬಸ್ಸಿಗೆ, ಕಾಯುವುದಕ್ಕೆ ಕೊಡಬೇಕು. ವಯಸ್ಸಾದ ತಾಯಿ ಮನೆಯಲ್ಲಿ ದಾರಿ ನೋಡುತ್ತಿರುವಾಗ ಆ ದಿನವನ್ನು ಮೂರು ಸಾವಿರಕ್ಕೆ ಬಿಟ್ಟುಕೊಡಬೇಡಿ ಎಂದೇ ನಾನು ಹೇಳುತ್ತೇನೆ.

ಗಂಡ, ಹೆಂಡತಿ, ಇಬ್ಬರು ಮಕ್ಕಳು ಬರುವುದಾದರೆ ಮಾತು ಬೇರೆ. ಉಳಿತಾಯ ಇಪ್ಪತ್ತು ಸಾವಿರ ಆಗುತ್ತದೆ, ಬಾಡಿಗೆ ಕಾರು ಹಿಡಿದರೂ ಕೈಯಲ್ಲಿ ಸ್ವಲ್ಪ ನಿಲ್ಲುತ್ತದೆ. ಆದರೆ ಅಲ್ಲಿನ ಶಾಲೆಗಳಿಗೆ ರಜೆ ಜುಲೈ, ಆಗಸ್ಟಿನಲ್ಲಿ. ಟಿಕೆಟ್ ದರ ಏರುವುದೂ ಆಗಲೇ, ಘಾಟಿಯಲ್ಲಿ ಗುಡ್ಡ ಜರಿಯುವುದೂ ಆಗಲೇ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದು ರಸ್ತೆ ಬಂದ್ ಆದದ್ದನ್ನು ಬೆಳ್ತಂಗಡಿಯವರು ಮರೆತಿಲ್ಲ.

ನನಗೆ ಹೆಚ್ಚು ಚಿಂತೆಯಾಗುವುದು ಎರಡು ಬೇರೆ ಬೇರೆ ಟಿಕೆಟ್ ತೆಗೆಯುವವರ ಬಗ್ಗೆ: ಮಂಗಳೂರು–ಬೆಂಗಳೂರು ಒಂದು, ಬೆಂಗಳೂರು–ದುಬೈ ಇನ್ನೊಂದು. ಬೆಂಗಳೂರಿನಲ್ಲಿ ಲಗೇಜು ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ ಮಾತ್ರ ಉಚಿತ, ಗಲ್ಫಿನಿಂದ ತಂದ ದೊಡ್ಡ ಪೆಟ್ಟಿಗೆಗೆ ಬೇರೆ ದುಡ್ಡು ಕಟ್ಟಬೇಕು. ಬಜಪೆಯ ರನ್‌ವೇ ಗುಡ್ಡದ ಮೇಲಿರುವುದು. ಜೋರು ಮಳೆಗೆ ದಾರಿ ಕಾಣದಿದ್ದರೆ ವಿಮಾನ ತಡವಾಗುತ್ತದೆ, ಬೇರೆ ಊರಿಗೂ ಹೋಗಿ ಇಳಿಯುತ್ತದೆ. ಆಗ ದುಬೈ ವಿಮಾನ ತಪ್ಪಿದರೆ ಆ ಕಂಪೆನಿ ಹೊಣೆ ಹೊರುವುದಿಲ್ಲ, ಹೊಸ ಟಿಕೆಟ್ ನಿಮ್ಮ ಜೇಬಿನಿಂದಲೇ. ಒಂದೇ ಬುಕಿಂಗಿನಲ್ಲಿ ಎರಡೂ ವಿಮಾನ ಇದ್ದರೆ ಮುಂದಿನ ವಿಮಾನದ ವ್ಯವಸ್ಥೆ ಕಂಪೆನಿಯ ಜವಾಬ್ದಾರಿ.

ಬೇರೆ ಬೇರೆ ಟಿಕೆಟೇ ಬೇಕೆಂದರೆ ನಡುವೆ ಐದಾರು ಗಂಟೆ ಬಿಡಿ. ಮಳೆಗಾಲದಲ್ಲಿ ಮಾತ್ರ ಬೇಡವೇ ಬೇಡ.